ಫಿನಾಯಿಲ್ ಬಿಟ್ಟ ಮನೆ

ಶುಚಿತ್ವವೆಂಬುದು ಮನುಷ್ಯನು ಪ್ರಕೃತಿಯ ಮೇಲೆ ಹೂಡಿದ ಅತ್ಯಂತ ಪ್ರಾಚೀನ ಯುದ್ಧ. ಅದರಲ್ಲಿ ಈತನಕ ಯಾರೊಬ್ಬರೂ ಗೆದ್ದ ದಾಖಲೆಯಿಲ್ಲ. ಈ ಮಹಾಸತ್ಯ ನನಗೆ ಹೊಳೆದದ್ದು ಯಲಹಂಕ ಉಪನಗರದ ನಮ್ಮ ಮನೆಯ ಬಚ್ಚಲಿನಲ್ಲಿ, ಕಮೋಡಿನ ಎದುರು ಮಂಡಿಯೂರಿ ಕೂತು ಅರ್ಧ ಹೋಳು ನಿಂಬೆಹಣ್ಣಿನಿಂದ ಅದರ ಕತ್ತು ಉಜ್ಜುತ್ತಿದ್ದಾಗ. ಹೊಳೆದ ಮೇಲೆ ಏಳಬೇಕಲ್ಲ, ಮಂಡಿ ಏಳಲಿಲ್ಲ. ಹೆಂಡತಿಯನ್ನು ಕೂಗಲು ಬಾಯಿ ತೆರೆದೆ. ಹಾಲ್‌ನಿಂದ ಬಚ್ಚಲಿಗೆ ಬರುವಷ್ಟರಲ್ಲಿ ಅವಳಿಗೆ ಉಸಿರು ಮುಗಿದುಹೋಗುತ್ತದೆಂಬುದು ನೆನಪಾಗಿ ಬಾಯಿ ಮುಚ್ಚಿದೆ. ನಲ್ಲಿಯನ್ನು ಹಿಡಿದು ನಾನೇ ಎದ್ದೆ. ನಲ್ಲಿ ಸ್ವಲ್ಪ ಬಾಗಿತು.

ಅವಳದು ಬಹಳ ದಿನದ ಒಣಕೆಮ್ಮು. ನಮ್ಮಲ್ಲಿ ಕೆಮ್ಮನ್ನು ಕಾಯಿಲೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಒಂದು ಅಭ್ಯಾಸ, ಅಷ್ಟೆ. ಕಷಾಯ ಆಯಿತು, ಜೇನುತುಪ್ಪ ಆಯಿತು, ಬೀದಿಕೊನೆಯ ಡಾಕ್ಟರ ಬಣ್ಣಬಣ್ಣದ ಟಾನಿಕ್ ಆಯಿತು. ಕೊನೆಗೆ, ರಂಗೋಲಿ ಹಾಕಿ ಎದ್ದು ನಿಂತವಳು ಗೇಟು ಹಿಡಿದುಕೊಂಡು ಮೀನಿನಂತೆ ಬಾಯಿ ಬಿಡುವುದನ್ನು ಎದುರುಮನೆಯವರು ನೋಡಿದ ಮೇಲೆ, ಹೆಬ್ಬಾಳದ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಒಳ್ಳೆಯವರು. ಕೆಟ್ಟ ಸುದ್ದಿಯನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳಿದರು.

"ಅಮ್ಮಾ, ಶ್ವಾಸಕೋಶ ಸ್ಪಂಜಿನ ಥರ ಇರ್ಬೇಕು. ನಿಮ್ಮದು ತೆಂಗಿನ ನಾರಿನ ಥರ ಆಗ್ತಾ ಇದೆ. ಆಗಿರೋದನ್ನ ವಾಪಸ್ ತರೋಕಾಗಲ್ಲ. ಉಳಿದಿರೋದನ್ನ ಕಾಪಾಡ್ಕೋಬೇಕು."

ಕಾಪಾಡುವ ಬಗೆಯನ್ನೂ ಅವರೇ ಹೇಳಿದರು. ಊದುಬತ್ತಿ ಇಲ್ಲ, ಕರ್ಪೂರ ಇಲ್ಲ, ಸಾಂಬ್ರಾಣಿ ಇಲ್ಲ. ಒಗ್ಗರಣೆಯ ಘಾಟಿಗೆ ಹತ್ತಿರ ಹೋಗಬಾರದು. ಗೋಡೆಯ ಬೂಷ್ಟು ಮಹಾಶತ್ರು. ಫಿನಾಯಿಲ್, ಆಸಿಡ್, ಬ್ಲೀಚಿಂಗ್ ಪೌಡರ್ ಇವುಗಳನ್ನು ಮನೆಯಲ್ಲಿ ಇಡುವುದೇ ಬೇಡ. "ಮನೆ ಹೇಗಿಟ್ಕೋತೀರೋ ಹಾಗೆ. ಕೆಟ್ಟ ಗಾಳಿ ಪದೇ ಪದೇ ಒಳಗೆ ಹೋದ್ರೆ ಆಕ್ಸಿಜನ್ ಮೆಷಿನ್ ಬೇಗ ಹಾಕ್ಬೇಕಾಗುತ್ತೆ" ಅಂದರು.

ಹೊರಗೆ ಮೊಗಸಾಲೆಯಲ್ಲಿ ಮೂಗಿಗೆ ಪೈಪು ಸಿಕ್ಕಿಸಿಕೊಂಡು ಒಬ್ಬರು ಕೂತಿದ್ದರು. ಅವಳು ಅವರನ್ನು ಒಂದು ಸಲ ನೋಡಿದಳು, ಆಮೇಲೆ ನೆಲ ನೋಡಿದಳು. ಆಟೋ ಕೊಡಿಗೇಹಳ್ಳಿ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಆ ಪೈಪು ಮೂಗಿಗೆ ಬಂತು ಅಂದ್ರೆ ನಾನು ಮನುಷ್ಯಳಲ್ಲ ಕಣ್ರೀ. ಗೂಟಕ್ಕೆ ಕಟ್ಟಿದ ಹಸು. ಅದೊಂದು ನಮ್ಮನೆ ಗೇಟು ದಾಟಿ ಬರಬಾರ್ದು."

"ಬರಲ್ಲ ಬಿಡು" ಅಂದೆ. ಗಂಡಂದಿರು ಇಂಥ ಭರವಸೆಗಳನ್ನು ಯಾವ ಅಧಿಕಾರದ ಮೇಲೆ ಕೊಡುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ.

ತೊಡಕು ಇದ್ದದ್ದು ಒಂದೇ. ನನ್ನ ಹೆಂಡತಿ ಫಿನಾಯಿಲ್ ಪಂಥದವಳು. ಬೇರೆಯವರು ದೇವರನ್ನು ನಂಬುವಂತೆ ಅವಳು ಫಿನಾಯಿಲನ್ನು ನಂಬಿದ್ದಳು. ಬೆಳಿಗ್ಗೆ ಬಕೆಟ್ಟಿನ ನೀರು ಹಾಲಿನ ಬಣ್ಣಕ್ಕೆ ತಿರುಗುವ ತನಕ ಸುರಿಯುತ್ತಿದ್ದಳು. ಬಚ್ಚಲಿಗೆ ವಾರಕ್ಕೊಮ್ಮೆ ಆಸಿಡ್. ನಮ್ಮ ಕಡೆಯ ಬೋರ್‌ವೆಲ್ ನೀರು ಟೈಲ್ಸಿನ ಮೇಲೆ ಬರೆಯುವ ಬಿಳಿ ಉಪ್ಪಿನ ಕಲೆಗೆ ಅದು ಬಿಟ್ಟರೆ ಬೇರೆ ಮದ್ದಿಲ್ಲ ಎಂಬುದು ಅವಳ ಸಿದ್ಧಾಂತ. ಯಾರದೇ ಮನೆಗೆ ಹೋದರೂ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಸಣ್ಣಗೆ ಮೂಗೆಳೆಯುವಳು. ವಾಸನೆ ಬಂದರೆ ಆ ಮನೆಯವರು ಮರ್ಯಾದಸ್ಥರು. ಬರದಿದ್ದರೆ ಕಾಫಿ ಬೇಡ, ಈಗಷ್ಟೇ ಆಯ್ತು ಅನ್ನುವಳು. "ಬೆಳ್ಳಗಿದ್ರೆ ಸಾಲ್ದು ಕಣ್ರೀ, ಕ್ಲೀನಾಗಿದೆ ಅಂತ ಮೂಗಿಗೆ ಗೊತ್ತಾಗ್ಬೇಕು" ಅನ್ನುತ್ತಿದ್ದಳು.

ಹೀಗಿರುವಾಗ ಮನೆಯ ಸ್ವಚ್ಛತಾ ಖಾತೆ ನನಗೆ ವರ್ಗವಾಯಿತು. ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳ ಧೂಳು ಕುಡಿದು ನಿವೃತ್ತನಾದ ನನಗೆ ಧೂಳಿನ ಪರಿಚಯ ಇತ್ತು, ಅದನ್ನು ತೆಗೆಯುವ ಪರಿಚಯ ಇರಲಿಲ್ಲ. ಮೊದಲ ಕೆಲಸವಾಗಿ ಬಚ್ಚಲಿನ ಕಪಾಟಿನ ಬಾಟಲಿಗಳನ್ನೆಲ್ಲ ತೆಗೆದು ಕೆಲಸದಾಕೆಗೆ ಕೊಟ್ಟೆ. ಆಕೆ ಕೋಗಿಲಿನವಳು, ಅಲ್ಲಿಯ ಹಳೇ ಊರಿನವಳು, ನಮ್ಮ ಮನೆಯಲ್ಲಿ ಬಹಳ ವರ್ಷದಿಂದ ಇರುವವಳು. ಧರ್ಮದಲ್ಲಿ ನನ್ನ ಹೆಂಡತಿಯ ಪಂಥವೇ. ಬಾಟಲಿಗಳನ್ನು ಪ್ರಸಾದದಂತೆ ಸೆರಗಿನಲ್ಲಿ ಹಿಡಿದು ಕೇಳಿದಳು:

"ಇವೆಲ್ಲ ನಂಗ್ ಕೊಟ್ರೆ ನಿಮ್ಮನೆ ನೆಲಕ್ಕೇನ್ ಆಕ್ತೀರಿ ಸಾ?"

"ಪ್ರಕೃತಿದತ್ತವಾದದ್ದು."

"ಅಂದ್ರೆ ಏನೂ ಇಲ್ಲ ಅನ್ನಿ."

ನಾನು ಹಳೇ ಯಲಹಂಕದ ಗ್ರಂಧಿಗೆ ಅಂಗಡಿಗೆ ಹೋಗಿ ಅಂಟುವಾಳ ಕಾಯಿ, ಸೀಗೇಪುಡಿ ಕೇಳಿದೆ. ಚೀಲ ತುಂಬ ಕೇಳಿದ್ದನ್ನು ಕಂಡು ಅಂಗಡಿಯವರಿಗೆ ಕುತೂಹಲ.

"ಮನೇಲಿ ಹೆಣ್ಮಕ್ಕಳು ಜಾಸ್ತಿನಾ ಸಾರ್? ತಲೆಗೆ ಇಷ್ಟೊಂದು ಬೇಕಾ?"

"ತಲೆಗಲ್ಲ. ಕಮೋಡಿಗೆ."

ಅವರು ಪೊಟ್ಟಣ ಕಟ್ಟುತ್ತಿದ್ದ ದಾರವನ್ನು ಹಾಗೇ ಹಿಡಿದು ನನ್ನನ್ನು ನೋಡಿದರು. ಅವರ ವಂಶದಲ್ಲಿ ಅಂಥ ಗಿರಾಕಿ ಬಂದಿರಲಿಕ್ಕಿಲ್ಲ.

ಅಂಟುವಾಳವನ್ನು ಬೀಜ ತೆಗೆದು ರಾತ್ರಿ ನೆನೆಹಾಕಿ ಬೆಳಿಗ್ಗೆ ಕುದಿಸಿದೆ. ಕುದಿಯುವಾಗ ಅದು ಉಕ್ಕಿ ಒಲೆಯನ್ನು ಆರಿಸಿ, ಕಟ್ಟೆಯಿಂದ ಇಳಿದು, ನೊರೆಯ ಸಮೇತ ಅಡುಗೆಮನೆಯ ನೆಲವನ್ನು ತಾನೇ ತೊಳೆಯಿತು. ಅಷ್ಟರಮಟ್ಟಿಗೆ ಪ್ರಯೋಗ ಯಶಸ್ವಿ. ಆದರೆ ಅದರ ವಾಸನೆ ಒದ್ದೆಯಾದ ಹಳೇ ಗೋಣಿಚೀಲದ್ದು. ಹೆಂಡತಿ ಹಾಲ್‌ನ ಕುರ್ಚಿಯಲ್ಲೇ ಕೂತು ಸೆರಗಿನ ತುದಿ ಮೂಗಿಗೆ ಹಿಡಿದಳು.

"ಇದೇನ್ರೀ, ಒರೆಸಿದ ಮೇಲೆ ಇನ್ನೂ ಒರೆಸ್ಬೇಕು ಅನ್ನಿಸ್ತಿದೆ!"

ಸೀಗೇಪುಡಿಯದು ಇನ್ನೊಂದು ಕಥೆ. ಸಿಂಕಿಗೆ ಉದುರಿಸುವಾಗ ಕಿಟಕಿಯ ಗಾಳಿಗೆ ಒಂದಿಷ್ಟು ಹಾರಿತು. ನಾನು ಸೀನಿದೆ, ಕೆಲಸದಾಕೆ ಸೀನಿದಳು, ಆಚೆಮನೆಯ ನಾಯಿಯೂ ಸೀನಿದಂತಾಯಿತು. ನನ್ನ ಹೆಂಡತಿ ಸೀನಲಿಲ್ಲ, ಕೆಮ್ಮಿದಳು. ಶುರುವಾದ ಕೆಮ್ಮು ಊಟದ ಹೊತ್ತಿನ ತನಕ ನಿಲ್ಲಲಿಲ್ಲ. ಕಾಡಿನಲ್ಲಿ ಬೆಳೆದದ್ದೆಲ್ಲ ಸಾಧು ಎಂದು ಅಲ್ಲಿಯತನಕ ನಂಬಿದ್ದೆ. ಪುಡಿಯನ್ನು ತಿಪ್ಪೆಗೆ ಹಾಕಿದೆ. ಮಾರನೆಯ ದಿನ ಪಾತ್ರೆ ತಿಕ್ಕಲು ಪ್ಲಾಸ್ಟಿಕ್ ಜುಂಗಿನ ಬದಲು ತೆಂಗಿನ ನಾರಿನ ಉಂಡೆಯೊಂದನ್ನು ಕಟ್ಟೆಯ ಮೇಲಿಟ್ಟಿದ್ದೆ. ಅವಳು ನೀರು ಕುಡಿಯಲು ಬಂದವಳು ಅದನ್ನೇ ನೋಡುತ್ತ ನಿಂತಳು.

"ಅದೊಂದನ್ನ ನನ್ನ ಕಣ್ಣೆದುರು ಇಡ್ಬೇಡಿ" ಅಂದಳು.

ನನಗೆ ಡಾಕ್ಟರ ಮಾತು ಆಗ ನೆನಪಿಗೆ ಬಂತು. ನಾರನ್ನು ಕಸಕ್ಕೆ ಹಾಕಿದೆ. ಆ ಮೇಲೆ ಪಾತ್ರೆಗಳು ಬೂದಿ, ಹುಣಸೆಹಣ್ಣು ಮತ್ತು ನನ್ನ ಉಗುರುಗಳ ಆಧಾರದ ಮೇಲೆ ನಡೆದವು.

ಈ ಸ್ಥಿತಿಯಲ್ಲಿ ವಿದ್ಯಾರಣ್ಯಪುರದಿಂದ ಅವಳ ತಂಗಿ ಬಂದಳು. ತಾರಸಿತೋಟ, ಗೊಬ್ಬರದ ಮಡಕೆ, ಬಟ್ಟೆಯ ಚೀಲ, ಇವೆಲ್ಲವನ್ನೂ ಲೀಲಾಜಾಲವಾಗಿ ನಿಭಾಯಿಸುವ ಹೆಂಗಸು. ಅವಳ ಮನೆ ಕನ್ನಡಿಯಂತಿರುತ್ತದೆ, ಅದೂ ಫಿನಾಯಿಲ್ ಇಲ್ಲದೆ. ಇದು ನನ್ನ ಹೆಂಡತಿಗೆ ಬಹಳ ಕಾಲದ ಅಸಮಾಧಾನ. ತಂಗಿ ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ಮನ್ನೂ ಒಂದು ಚೀಲ ಕಿತ್ತಳೆ, ಮೂಸಂಬಿ ಸಿಪ್ಪೆಯನ್ನೂ ತಂದಿದ್ದಳು.

"ಭಾವ, ಸಿಪ್ಪೆ, ಬೆಲ್ಲ, ನೀರು. ಅಷ್ಟೇ. ಮೂರು ತಿಂಗಳು ಕೊಳೀಲಿ. ಆಮೇಲೆ ಸೋಸಿದ್ರೆ ಬಯೋ ಎನ್ಜೈಮ್. ನೆಲ, ಬಚ್ಚಲು, ಸಿಂಕು ಎಲ್ಲದಕ್ಕೂ ಅದೇ. ಅಕ್ಕಂಗೆ ಕೆಮ್ಮೂ ಬರಲ್ಲ. ಆದ್ರೆ ದಿನಾ ಒಂದ್ಸಲ ಮುಚ್ಚಳ ಸಡಿಲ ಮಾಡಿ ಗ್ಯಾಸ್ ಬಿಡ್ಬೇಕು. ಮರೀಬೇಡಿ."

"ಕೊಳೆತದ್ದರಲ್ಲಿ ಕೊಳೆ ತೆಗೆಯೋದಾ?" ಅಂದಳು ನನ್ನ ಹೆಂಡತಿ.

"ಮುಳ್ಳಿನಿಂದ ಮುಳ್ಳು ಕಣೆ ಅಕ್ಕ."

ತಂಗಿಯನ್ನು ಬಸ್ಸಿಗೆ ಹತ್ತಿಸಿ ಬಂದೆ. ಹೆಂಡತಿ ಡ್ರಮ್ಮನ್ನು ದೃಷ್ಟಿಸುತ್ತ ಕೂತಿದ್ದಳು.

"ಅವಳು ಯಾವತ್ತಾದ್ರೂ ಉಪ್ಪಿನಕಾಯಿ ಹಾಕಿದ್ದು ನೋಡಿದೀರಾ?"

"ಇಲ್ಲ."

"ಅಂಗಡಿಯಿಂದ ತರ್ತಾಳೆ. ಅದಕ್ಕೇ ದಿನಾ ಮುಚ್ಚಳ ತೆಗೀರಿ ಅಂತಾಳೆ. ದಿನಾ ತೆಗೆದ್ರೆ ಬೂಷ್ಟು ಬರಲ್ವಾ? ಬೂಷ್ಟು ನಂಗಾಗಲ್ಲ ಅಂತ ಡಾಕ್ಟ್ರೇ ಹೇಳಿಲ್ವಾ?"

ತರ್ಕದಲ್ಲಿ ಒಂದು ಎಳೆಯ ಬಿರುಕೂ ಇರಲಿಲ್ಲ. ಅವಳ ಮಾವಿನಕಾಯಿ ಉಪ್ಪಿನಕಾಯಿ ನಮ್ಮ ಎರಡೂ ಕಡೆಯ ನೆಂಟರಲ್ಲಿ ಹೆಸರುವಾಸಿ. ವರ್ಷ ದಾಟಿದರೂ ಒಂದು ಚುಕ್ಕೆ ಬೂಷ್ಟು ಕಂಡದ್ದಿಲ್ಲ. ಅದಕ್ಕೆ ಅವಳ ಶಾಸನಗಳಿವೆ. ಜಾಡಿಯ ಬಾಯಿ ಬಿಗಿಯಾಗಿರಬೇಕು. ಮೇಲೆ ಬಿಳಿ ಪಂಚೆಯ ತುಂಡು ಕಟ್ಟಬೇಕು. ಸ್ನಾನವಾಗದೆ ಮುಟ್ಟಬಾರದು, ಒದ್ದೆ ಕೈ ತಾಗಬಾರದು, ಮೈಲಿಗೆಯವರು ಹಾದುಹೋಗಲೂಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಳಿಯುವ ಮುಂಚೆ ತೆಗೆದು ನೋಡಬಾರದು. ನೋಡಿದರೆ ಜಾಡಿಗೆ ದೃಷ್ಟಿಯಾಗುತ್ತದೆ.

ಕಿತ್ತಳೆ ಸಿಪ್ಪೆಗೆ ಈ ಶಾಸನವೆಲ್ಲ ಯಥಾವತ್ತಾಗಿ ಜಾರಿಯಾಯಿತು. ನಾನು ಸ್ನಾನ ಮಾಡಿ, ಒಣ ಪಂಚೆಯುಟ್ಟು, ಸಿಪ್ಪೆ ಬೆಲ್ಲ ನೀರು ಸೇರಿಸಿ, ಮುಚ್ಚಳವನ್ನು ನನ್ನ ಶಕ್ತಿಯಿದ್ದಷ್ಟೂ ತಿರುಗಿಸಿ, ಮೇಲೆ ಬಟ್ಟೆ ಬಿಗಿದು, ಅವಳ ಕೋಣೆಯ ಪಕ್ಕದ ಸ್ಟೋರ್‌ರೂಮಿನ ಕತ್ತಲಲ್ಲಿ ಇಟ್ಟೆ. ಬಚ್ಚಲು ತೊಳೆಯುವ ನೀರನ್ನು ಮಡಿಯಲ್ಲಿ ಮಾಡಿದವನು ಈ ಲೋಕದಲ್ಲಿ ನಾನೊಬ್ಬನೇ ಇರಬೇಕು. ಕೆಲಸದಾಕೆಗೆ ಆ ಕೋಣೆಗೆ ಪ್ರವೇಶ ನಿಷೇಧ. ಕೆಲವು ವಾರದಲ್ಲಿ ಮುಚ್ಚಳ ಪೂರಿಯಂತೆ ಉಬ್ಬಿತು. ಬಾಗಿಲಲ್ಲೇ ನಿಂತು ಇಣುಕಿ ನೋಡಿದ ಹೆಂಡತಿ ಮೆಚ್ಚಿ ತಲೆದೂಗಿದಳು.

"ಚೆನ್ನಾಗಿ ಕಳೀತಿದೆ."

ಡ್ರಮ್ಮು ಸಿಡಿದದ್ದು ಆಷಾಢದ ಒಂದು ಮಧ್ಯಾಹ್ನ. ಯಲಹಂಕದವರಿಗೆ ಒಂದು ಅಭ್ಯಾಸವಿದೆ. ಎಲ್ಲಿ ಢಂ ಅಂದರೂ ಮೊದಲು ಆಕಾಶ ನೋಡುತ್ತೇವೆ. ಇಷ್ಟು ವರ್ಷ ವಾಯುಪಡೆಯ ವಿಮಾನಗಳ ಕೆಳಗೆ ಬದುಕಿದ ಫಲ. ನಾನು ಪೇಪರಿನಿಂದ ಕತ್ತೆತ್ತಿ ಕಿಟಕಿಯಾಚೆ ನೋಡಿ, "ಇವತ್ತು ಅಭ್ಯಾಸ ಜೋರಾಗಿದೆ" ಅಂದೆ.

"ರೀ, ಆಕಾಶ ಆಮೇಲೆ ನೋಡಿ. ಸ್ಟೋರ್‌ರೂಮಿನ ಬಾಗಿಲ ಕೆಳಗಿಂದ ಏನೋ ಹರೀತಾ ಇದೆ."

ಮುಚ್ಚಳ ಸೂರಿಗೆ ಬಡಿದು ಅಕ್ಕಿಚೀಲದ ಮೇಲೆ ಬಿದ್ದಿತ್ತು. ಕಿತ್ತಳೆ ಬಣ್ಣದ ಲೋಳೆ ಸೂರಿನಿಂದ ನೂಲುನೂಲಾಗಿ ಇಳಿಯುತ್ತಿತ್ತು. ನಾಲ್ಕೂ ಗೋಡೆಗೆ ಯಾರೋ ಹೋಳಿ ಎರಚಿದಂತೆ. ವಾಸನೆ ಮಾತ್ರ, ಹೇಳಬೇಕೆಂದರೆ, ಚೆನ್ನಾಗಿಯೇ ಇತ್ತು.

ಒರೆಸಿದೆ. ಏಣಿ ಹತ್ತಿ ಒರೆಸಿದೆ, ಇಳಿದು ಒರೆಸಿದೆ. ಆದರೆ ನಮ್ಮದು ಹಳೇ ಗೋಡೆ, ಬಿಸ್ಕತ್ತಿನಂತೆ ಹೀರುವ ಗಾರೆ. ಮೇಲಾಗಿ ಮಳೆಗಾಲ, ಆ ಕೋಣೆಗೆ ಇರುವುದು ಅಂಗೈಯಗಲದ ಒಂದು ಕಿಟಕಿ. ನಾವು ಗೋಡೆಗೆ ಬೆಲ್ಲ ಉಣ್ಣಿಸಿದ್ದೆವು, ಗೋಡೆ ಅದನ್ನು ಬೆಳೆಸಲು ಶುರುಮಾಡಿತು. ಮೊದಲು ವಿಭೂತಿ ಬಳಿದಂತೆ ಬೆಳ್ಳಗೆ. ಆಮೇಲೆ ಹಸಿರು. ಆಮೇಲೆ ಕರೀ ಚುಕ್ಕೆಗಳು, ಮೂಲೆಯಿಂದ ಮೂಲೆಗೆ.

ವಿನೆಗರ್ ಹಾಕಿದೆ. ನಿಂಬೆರಸ ಹಾಕಿದೆ. ಬೇವಿನೆಲೆ ಕುದಿಸಿ ಹಾಕಿದೆ. ಅರಿಶಿನ ಕಲಸಿ ಬಳಿದೆ. ಬೂಷ್ಟು ಹಳದಿ ಬಣ್ಣದಲ್ಲಿ ಮುಂದುವರಿಯಿತು. ಇವತ್ತು ತಿಕ್ಕಿದರೆ ನಾಳಿದ್ದು ಅಲ್ಲೇ. ಡಾಕ್ಟರು ಬೇಡವೆಂದ ಎಂಟು ವಸ್ತುಗಳಲ್ಲಿ ಏಳನ್ನು ಮನೆಯಿಂದ ಓಡಿಸಿ ಎಂಟನೆಯದನ್ನು ನನ್ನ ಕೈಯಾರೆ, ಸ್ನಾನ ಮಾಡಿ, ಮಡಿಯುಟ್ಟು, ಅವಳ ಹಾಸಿಗೆಯ ಪಕ್ಕದ ಗೋಡೆಗೆ ತಂದು ಕೂರಿಸಿದ್ದಾಗಿತ್ತು. ಬೆರಳಿಗೆ ಸಿಕ್ಕಿಸುವ ಪುಟ್ಟ ಕ್ಲಿಪ್ಪಿನಲ್ಲಿ ಅವಳ ಉಸಿರಿನ ಅಂಕಿ ದಿನದಿನಕ್ಕೆ ಇಳಿಯಿತು. ಅವಳು ಅದನ್ನು ನನಗೆ ತೋರಿಸದೆ ಸೆರಗಿನಲ್ಲಿ ಮುಚ್ಚಿ ನೋಡಿಕೊಳ್ಳತೊಡಗಿದಳು.

ಹೆಬ್ಬಾಳದ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ ಕೇಳಿ ಕೊನೆಗೆ, "ಮನೇಲಿ ಎಲ್ಲಾದ್ರೂ ಬೂಷ್ಟಿದೆಯಾ?" ಅಂದರು. ನಾವಿಬ್ಬರೂ ಪರೀಕ್ಷೆಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದ ಹುಡುಗರಂತೆ ಮುಖಮುಖ ನೋಡಿಕೊಂಡೆವು. ಆ ಕೋಣೆ ಮುಚ್ಚಿ, ಗೋಡೆಯ ಗಾರೆಯೆಲ್ಲ ಕೆತ್ತಿಸಿ ಹೊಸದಾಗಿ ಮಾಡಿಸಿ, ಆ ಕೆಲಸ ಮುಗಿಯುವ ತನಕ ಅಮ್ಮ ಆ ಮನೆಯಲ್ಲಿರಬಾರದು ಅಂದರು.

ತಂಗಿ ಅವತ್ತೇ ಫೋನ್ ಮಾಡಿದಳು. "ಇಲ್ಲಿ ಬಂದಿರು ಕಣೆ ಅಕ್ಕ. ಮೇಲಿನ ರೂಮು ಖಾಲಿ ಇದೆ."

"ಗೌರಿಹಬ್ಬ ಆಗ್ಲಿ."

ನಾನು ಗದರಿದೆ, ಬೇಡಿಕೊಂಡೆ, ಮುನಿಸಿಕೊಂಡೆ. ಅವರ ತಾಯಿಮನೆ ಎನ್ನುವುದು ಈಗ ಇಲ್ಲ. ಅಮ್ಮ ಹೋದ ಮೇಲೆ ತಂಗಿಗೆ ಇವಳ ಮನೆಯೇ ತವರು. ಪ್ರತಿವರ್ಷ ಗೌರಿಯ ದಿನ ತಂಗಿ ಇಲ್ಲಿಗೆ ಬರಬೇಕು, ಇವಳು ಮೊರದ ಬಾಗಿನ ಕೊಡಬೇಕು. "ತವರುಮನೆಯವಳು ತಂಗಿ ಮನೇಲಿ ಹಾಸಿಗೆ ಹಿಡಿದು ಬಾಗಿನ ಕೊಡ್ತಾಳಾ? ಹಬ್ಬದ ಮಾರನೇ ದಿನ ಎಲ್ಲಿಗೆ ಕರ್ಕೊಂಡೋದ್ರೂ ಬರ್ತೀನಿ." ಹಬ್ಬ ಹತ್ತಿರವೇ ಇತ್ತು. ಸ್ಟೋರ್‌ರೂಮಿನ ಬಾಗಿಲು ಮುಚ್ಚಿ, ಸಂದಿಗೆಲ್ಲ ಪೇಪರು ಅಂಟಿಸಿ, ಅವಳ ಮಂಚವನ್ನು ಹಾಲ್‌ಗೆ ತಂದೆ. ಅಷ್ಟು ದಿನ ತಡೆದರೆ ಆಯಿತು ಅಂದುಕೊಂಡೆ.

ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಅವಳ ಮೂಗನ್ನು. ಹಬ್ಬಕ್ಕೆ ತಂಗಿ ಬರುತ್ತಾಳೆ. ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಗೋಣಿಚೀಲ, ಹುಳಿ, ಬೂಷ್ಟು ಇವುಗಳ ವಾಸನೆ ಅವಳಿಗೆ ತಾಗುತ್ತದೆ. ಬಚ್ಚಲಿಗೆ ಹೋದರೆ ನನ್ನ ನಿಂಬೆಹಣ್ಣನ್ನು ಅಣಕಿಸುತ್ತ ಉಪ್ಪಿನ ಕಲೆ ಗೋಡೆಯರ್ಧಕ್ಕೆ ಬೆಳೆದಿದೆ. ಹಾಲ್‌ನ ಮಂಚದಲ್ಲಿ ಕೂತು ಅವಳು ದಿನವಿಡೀ ಇದನ್ನೇ ನೋಡಿರಬೇಕು.

ಹಬ್ಬದ ಹಿಂದಿನ ದಿನ ನಾನು ಮೊರ, ಬಾಳೆಕಂದು, ಹೂವು ತರಲು ಹಳೇ ಯಲಹಂಕದ ಸಂತೆಗೆ ಹೋದೆ. ಕಾಲಿಡಲು ಜಾಗವಿಲ್ಲ, ಕೆಸರು, ಚೌಕಾಸಿ. ಸೇವಂತಿಗೆಯವಳ ಹತ್ತಿರ ಜಗಳವನ್ನೂ ಮಾಡಿ ಎರಡೂ ಕೈ ತುಂಬ ಹೊತ್ತು ತಿರುಗಿಬಂದೆ.

ಗೇಟಿನಲ್ಲೇ ಗೊತ್ತಾಯಿತು. ನಮ್ಮ ಮನೆ ಸ್ವಚ್ಛವಾಗಿದೆ.

ವಾಸನೆ ಕಣ್ಣಿಗೆ ಹೊಡೆಯಿತು. ಒಳಗೆ ಓಡಿದೆ. ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಸೀರೆ ಮೇಲಕ್ಕೆ ಸಿಕ್ಕಿಸಿದ್ದು ಹಾಗೇ ಇದೆ, ಕೈಯಲ್ಲಿ ಗಟ್ಟಿ ಪೊರಕೆ, ಬಾಯಿ ತೆರೆದಿದೆ, ಕುತ್ತಿಗೆಯ ನರಗಳು ಹಗ್ಗದಂತೆ ಎದ್ದಿವೆ. ತುಟಿಯ ಬಣ್ಣ ತುಟಿಯದಲ್ಲ. ನನ್ನನ್ನು ಕಂಡು ಏನೋ ಹೇಳಲು ಹೊರಟಳು. ಒಂದೊಂದು ಮಾತಿಗೆ ಒಂದೊಂದು ಉಸಿರು ಹುಡುಕಬೇಕಾಗಿತ್ತು.

"ಬಚ್ಚಲು... ಒಳಗೆ ಹೋಗ್ಬೇಡಿ... ಇಲ್ಲಿಂದ್ಲೇ... ನೋಡಿ."

ನೋಡಿದೆ. ಹೊಸ ಮನೆಯ ಬಚ್ಚಲಿನಂತಿತ್ತು.

ನಡೆದದ್ದನ್ನು ಕೆಲಸದಾಕೆ ಆಮೇಲೆ ಆಸ್ಪತ್ರೆಯ ಗೇಟಿನ ಹತ್ತಿರ ನಿಂತು ಹೇಳಿದಳು. ಅಳುತ್ತಿದ್ದಳು, ಜೊತೆಗೆ ನನ್ನ ಮೇಲೆ ಸಿಟ್ಟೂ ಇತ್ತು.

"ಬ್ಲೀಚಿಂಗ್ ಪೌಡ್ರೂ ಆಸಿಡ್ಡೂ ತಗಂಬಾ ಅಂದ್ರು ಸಾ. ಬ್ಯಾಡಮ್ಮೋ ಅಂದೆ. 'ನಾಳೆ ನನ್ನ ತಂಗಿ ಬತ್ತಾಳೆ, ನೀನ್ ತತ್ತೀಯೋ ನಾನೇ ಓಗ್ಲೋ' ಅಂದ್ರು. ಅವ್ರೇ ಓದ್ರೆ ಮೂಲೇಲೇ ಬಿದ್ದೋಗ್ತಾರಲ್ಲ ಅಂತ ತಂದ್ಕೊಟ್ಟೆ. ನೀವ್ ಆಚೆ ಇರಿ ಅಂತ ಏಳಿ, ಕಿಟಕಿ ತೆಗ್ದು, ಬೂಷ್ಟಿನ್ ಗೋಡೆ ನಾನೇ ತಿಕ್ದೆ. ಬಚ್ಚಲು ನಾಳೆ ಬೆಳಿಗ್ಗೆ ಮಾಡ್ತೀನಿ ಅಂದೆ. ಊಂ ಅಂದ್ರು. ನಾನ್ ಒಂಟೋದೆ. ಅಷ್ಟೇ ಸಾ ನಾನ್ ಮಾಡಿದ್ದು."

ಉಳಿದದ್ದನ್ನು ಯಾರೂ ನೋಡಿಲ್ಲ, ಊಹಿಸುವುದು ಕಷ್ಟವಲ್ಲ. ನಾಳೆ ಬೆಳಿಗ್ಗೆ ಎಂಬ ಮಾತಿನ ಮೇಲೆ ಅವಳಿಗೆ ಎಂದೂ ನಂಬಿಕೆಯಿಲ್ಲ. ಬಕೆಟ್ಟಿನಲ್ಲಿ ಉಳಿದಿದ್ದ ಬ್ಲೀಚಿಂಗ್ ನೀರನ್ನು ದಂಡಮಾಡುವುದೇಕೆಂದು ಬಚ್ಚಲಿಗೆ ಚೆಲ್ಲಿದಳು. ಅದು ಆರುವ ಮೊದಲೇ ಅದರ ಮೇಲೆ ಆಸಿಡ್ ಸುರಿದಳು. ಅವೆರಡೂ ಸೇರಿದರೆ ಏಳುವ ಹೊಗೆ ಗಟ್ಟಿಮುಟ್ಟಾದವರನ್ನೂ ಉರುಳಿಸುತ್ತದಂತೆ. ಅವಳು ಉರುಳಲಿಲ್ಲ. ಪೂರ್ತಿ ತೊಳೆದು, ನೀರು ಹೊಡೆದು, ಪೊರಕೆ ಸಮೇತ ಹಿತ್ತಲಿಗೆ ಬಂದು ಕೂತಳು.

ಗೌರಿಹಬ್ಬ ನಮಗೆ ಹೆಬ್ಬಾಳದಲ್ಲಿ ಆಯಿತು, ತುರ್ತು ವಾರ್ಡಿನ ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ. ಗಾಜಿನಾಚೆ ಅವಳ ಮುಖದ ಮುಕ್ಕಾಲು ಭಾಗ ಮಾಸ್ಕಿನೊಳಗಿತ್ತು. ಹೆಂಗಸರು ಹಬ್ಬಕ್ಕೆ ಉಟ್ಟ ಹೊಸ ಸೀರೆಯಲ್ಲೇ ರೋಗಿಗಳನ್ನು ನೋಡಲು ಬಂದು ಹೋಗುತ್ತಿದ್ದರು. ತಂಗಿ ನಮ್ಮ ಮನೆಯಿಂದ ಅಕ್ಕನ ಬಟ್ಟೆಬರೆ ತೆಗೆದುಕೊಂಡು ಬಂದಳು. ಒಳಗೆ ಬಿಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಅಕ್ಕ, ನಿನ್ನ ಬಚ್ಚಲಲ್ಲಿ ಮುಖ ನೋಡ್ಕೋಬಹುದು ಕಣೆ. ನಮ್ಮನೇದೂ ಹಾಗಿಲ್ಲ."

ಅವಳು ಕೈಯೆತ್ತಿ ಮಾಸ್ಕನ್ನು ತುಸು ಸರಿಸಿದಳು. "ವಾಸನೆ?"

"ಇನ್ನೂ ಇದೆ. ಗೇಟಿನ ತನಕ."

ಅವಳು ಕಣ್ಣು ಮುಚ್ಚಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಮುಖದ ಮೇಲೆ ಅಂಥ ತೃಪ್ತಿಯನ್ನು ನನ್ನ ಯಾವ ಸಾಧನೆಯೂ ತಂದದ್ದಿಲ್ಲ. ತಂಗಿ ನಗುನಗುತ್ತಲೇ ಹೊರಗೆ ಬಂದು, ಬಾಗಿಲು ಮುಚ್ಚಿದ ಮೇಲೆ ಗೋಡೆಗೆ ಹಣೆಯೊತ್ತಿ ಅತ್ತಳು.

"ದಿನಾ ಮುಚ್ಚಳ ಸಡಿಲ ಮಾಡಿ ಅಂದಿದ್ನಲ್ಲ ಭಾವ."

"ಅಂದಿದ್ದೆ."



ವಾರ್ಡಿನಿಂದ ಬಿಡುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಉಳಿದಿದ್ದುದರಲ್ಲಿ ಬಹಳಷ್ಟು ಹೋಗಿದೆ, ಇನ್ನು ಮೆಷಿನ್ ಇಲ್ಲದೆ ಆಗುವುದಿಲ್ಲ ಅಂದರು. ನನ್ನ ಮುಖ ಕಂಡು ಅವರಿಗೇ ಏನನ್ನಿಸಿತೋ, "ಇದೇನೂ ಆಗದೇ ಇದ್ದಿದ್ರೂ ಈ ಕಾಯಿಲೆ ಇಲ್ಲಿಗೇ ಬಂದು ನಿಲ್ತಿತ್ತು ಸಾರ್. ಸ್ವಲ್ಪ ಬೇಗ ಬಂತು, ಅಷ್ಟೆ" ಅಂದರು. ಸಮಾಧಾನಕ್ಕೆ ಹೇಳಿದ ಮಾತು. ನಾನು ಅದನ್ನು ಮನೆಗೆ ತಂದು ಎಲ್ಲ ಬದಿಯಿಂದ ತಿರುಗಿಸಿ ನೋಡಿದ್ದೇನೆ. ಎಲ್ಲಿ ಹಿಡಿದರೂ ಕೈ ಕುಯ್ಯುತ್ತದೆ. ಹೇಗಿದ್ದರೂ ಬರುವುದೇ ಆಗಿದ್ದರೆ, ಆ ಅಂಟುವಾಳ, ನಿಂಬೆಹಣ್ಣು, ಮಂಡಿಯ ಮೇಲಿನ ಆ ಬೆಳಗುಗಳೆಲ್ಲ ಯಾರಿಗಾಗಿ? ಬರುವುದು ತಡವಾಗುತ್ತಿತ್ತು ಅನ್ನುವುದಾದರೆ, ಆ ತಡದ ದಿನಗಳನ್ನು ನಾವಿಬ್ಬರೂ ಸೇರಿ ಒಂದು ಡ್ರಮ್ಮಿನಲ್ಲಿ ತುಂಬಿ ಬಿಗಿಯಾಗಿ ಮುಚ್ಚಳ ಹಾಕಿದೆವು. ಎರಡರಲ್ಲಿ ಯಾವುದು ನಿಜವಾದರೆ ನನಗೆ ನಿದ್ದೆ ಬರುತ್ತದೆ ಎಂದು ಇನ್ನೂ ತೀರ್ಮಾನವಾಗಿಲ್ಲ.

ಮೆಷಿನ್ನನ್ನು ಇಬ್ಬರು ಎತ್ತಿಕೊಂಡು ಬಂದು ಹಾಲ್‌ನ ಪ್ಲಗ್ಗಿನ ಪಕ್ಕ ಇಟ್ಟರು. ಅದು ಪೆಟ್ಟಿಗೆಯಂಥದು, ಹಳೇ ಫ್ರಿಜ್ಜಿನಂತೆ ಗುಂಯ್ಗುಡುತ್ತದೆ. ಬಂದವರಲ್ಲೊಬ್ಬ ಪೈಪನ್ನು ಅವಳ ಕಿವಿಯ ಹಿಂದೆ ಸುತ್ತಿ ಮೂಗಿಗೆ ಸಿಕ್ಕಿಸುವಾಗ, "ಅಭ್ಯಾಸ ಆಗುತ್ತೆ ಅಮ್ಮ" ಅಂದ. ಅವಳು ಅವನ ಕಾಲನ್ನು ನೋಡುತ್ತಿದ್ದಳು.

"ಚಪ್ಪಲಿ ಆಚೆ ಬಿಡಪ್ಪ" ಅಂದಳು.

ಅವನು ಬಿಟ್ಟುಬಂದ. ಹಸು, ಗೂಟ ಎಂಬ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕರೆಂಟು ಹೋದಾಗ ಮಾತ್ರ ಇಬ್ಬರೂ ಒಟ್ಟಿಗೆ ಪೆಟ್ಟಿಗೆಯ ಕಡೆ ತಿರುಗುತ್ತೇವೆ; ಯುಪಿಎಸ್ ಬ್ಯಾಟರಿಗೆ ಬದಲಾಗಿ ಅದು ಮತ್ತೆ ಗುಂಯ್ ಅಂದ ಮೇಲೆ ಒಬ್ಬರನ್ನೊಬ್ಬರು ನೋಡದೆ ಕಣ್ಣು ತೆಗೆಯುತ್ತೇವೆ.

ಸ್ಟೋರ್‌ರೂಮಿನ ಗಾರೆ ಕೆತ್ತಿಸಿ ಹೊಸದು ಮಾಡಿಸಿದ್ದಾಯಿತು. ಆ ದಿನಗಳಲ್ಲಿ ಅವಳನ್ನು ಮೆಷಿನ್ ಸಮೇತ ವಿದ್ಯಾರಣ್ಯಪುರಕ್ಕೆ ಸಾಗಿಸಿದೆವು, ಅವಳು ಬೇಡವೆನ್ನಲಿಲ್ಲ. ಬೇಡವೆನ್ನದ ಅವಳನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ತಂಗಿಯ ಹೊಸ್ತಿಲಲ್ಲಿ ನಿಂತಾಗ ನಾನು ಕಾದೆ. ಅವಳು ಮೂಗೆಳೆದು ನೋಡಲಿಲ್ಲ. ಪೈಪಿನಲ್ಲಿ ಬರುವ ಗಾಳಿಗೆ ಯಾವ ವಾಸನೆಯೂ ಇರುವುದಿಲ್ಲವಂತೆ.

ಮನೆಗೆ ಹಿಂತಿರುಗಿದ ಮೊದಲ ಬೆಳಿಗ್ಗೆ ಕೆಲಸದಾಕೆ ಬಕೆಟ್ಟು ಹಿಡಿದು ಹಾಲ್‌ನಲ್ಲಿ ನಿಂತಳು.

"ಅಮ್ಮೋ, ನೀರಿಗೇನ್ ಆಕ್ಲಿ?"

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ನಾನು ಬಕೆಟ್ಟಿನ ಕಡೆ ನೋಡಿದೆ.

"ಏನಾದ್ರೂ ಹಾಕು. ನಂಗೇನೂ ಗೊತ್ತಾಗಲ್ಲ" ಅಂದಳು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು.

ಮೆಷಿನ್ನು ಹಗಲೂ ರಾತ್ರಿ ಓಡುತ್ತದೆ. ನೆಲವನ್ನು ಬರೀ ನೀರಿನಲ್ಲಿ ಒರೆಸುತ್ತೇವೆ.